ನಾವೇ ಬರೆಯಬಹುದಾದ ಒಂದು ಹಂತ
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕಂಪ್ಯೂಟರಿನ ವಿಷಯವನ್ನು ಭಾಷಾ ಶಿಕ್ಷಕರಿಗೆ ಏಕೆ ಕೊಟ್ಟರು ಎಂದು ತಮ್ಮಲ್ಲಿ ಕೆಲವರಿಗಾದರೂ ಅನಿಸಿರಬಹುದು. ಸ್ವಲ್ಪ ತಾಳ್ಮೆಯಿಂದ ಕೇಳಿದರೆ ಇದು ಭಾಷೆಯ ವಿಷಯವೇ ಎಂಬುದು ತಮಗೇ ತಿಳಿಯುತ್ತದೆ.

ನಮ್ಮ ಮನೆಗಳಲ್ಲಿ ವಾಟ್ಸಾಪ್ ಇರುವಂತೆ ಕಂಪನಿಗಳಲ್ಲಿ ಕೆಲಸದ ಮಾತುಕತೆಗೆಂದೇ ಬೇರೆ ಆ್ಯಪ್‌ಗಳಿವೆ. ಸ್ಲ್ಯಾಕ್, ಮೈಕ್ರೋಸಾಫ್ಟ್ ಟೀಮ್ಸ್, ಪಕ್ಕದ ತಮಿಳುನಾಡಿನ ಜೋಹೋದವರ ಕ್ಲಿಕ್ ಇವು ಪ್ರಸಿದ್ಧವಾದವು. ಸ್ಲ್ಯಾಕ್ ಹುಟ್ಟಿದ್ದು ಒಂದು ಸೋಲಿನಿಂದ. ಸ್ಟೀವರ್ಟ್ ಬಟರ್‌ಫೀಲ್ಡ್ ಎಂಬುವರ ತಂಡ 'ಗ್ಲಿಚ್' ಎಂಬ ಕಂಪ್ಯೂಟರ್ ಆಟವನ್ನು ಮಾಡಿತ್ತು. ಆಟ 2012ರಲ್ಲಿ ಮುಚ್ಚಿಹೋಯಿತು. ಆಟ ಕಟ್ಟುವಾಗ ತಮ್ಮೊಳಗೆ ಮಾತಾಡಿಕೊಳ್ಳಲು ಮಾಡಿಕೊಂಡಿದ್ದ ಸಾಧನ ಮಾತ್ರ ಉಳಿಯಿತು, 2014ರಲ್ಲಿ ಎಲ್ಲರಿಗೂ ಬಿಡುಗಡೆಯಾಯಿತು. 2021ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿ ಅದನ್ನು ಕೊಂಡುಕೊಂಡಿತು.

ಇದರಲ್ಲಿ 2019ರಿಂದ ವರ್ಕ್‌ಫ್ಲೋ ಬಿಲ್ಡರ್ ಎಂಬ ಸೌಲಭ್ಯವಿದೆ. ಹೆಸರು ಕೇಳಿ ಗಾಬರಿಯಾಗಬೇಡಿ. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಅರ್ಜಿ ಕೊಡುತ್ತೀರಲ್ಲ, ಅದು ಗ್ರಾಮ ಆಡಳಿತಾಧಿಕಾರಿಯಿಂದ ರಾಜಸ್ವ ನಿರೀಕ್ಷಕರಿಗೆ, ಅಲ್ಲಿಂದ ಉಪತಹಶೀಲ್ದಾರರಿಗೆ ಹೋಗುತ್ತದೆ. ಉರ್ದುವಿನಲ್ಲಿ ನಾವು ತರ್ತೀಬ್ ಎನ್ನುತ್ತೇವೆ. ಹಾಗೆ ಒಂದರ ನಂತರ ಒಂದು ನಡೆಯುವ ಕೆಲಸವನ್ನು ಆ್ಯಪ್‌ನಲ್ಲೇ ಜೋಡಿಸಿಡುವುದು ವರ್ಕ್‌ಫ್ಲೋ. ಫಾರಂ ತುಂಬಿಸಿಕೊಳ್ಳುವುದು, ಸಂದೇಶ ಕಳಿಸುವುದು ಇಂಥ ಹಂತಗಳು ಸಿದ್ಧವಾಗಿಯೇ ಸಿಗುತ್ತವೆ. ಸಿಗದ ಹಂತವನ್ನು ನಾವೇ ಪ್ರೋಗ್ರಾಂ ಬರೆದು ಸೇರಿಸಬಹುದು. ನಾನು ಹೇಳಹೊರಟಿದ್ದು ಈ ಸ್ವಂತ ಹಂತದ ಬಗ್ಗೆ.

ನಮ್ಮಂಥ ಸಂಘವೊಂದು ವಿದ್ಯಾರ್ಥಿವೇತನದ ಅರ್ಜಿಗಳನ್ನು ಆನ್‌ಲೈನ್‌ಗೆ ಹಾಕುವ ಮೊದಲು ಪರಿಶೀಲಿಸಿ ಕೊಡುತ್ತದೆ ಎಂದಿಟ್ಟುಕೊಳ್ಳಿ. ಅರ್ಜಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ? ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಮತ್ತೊಂದು. ಮೊಹಮ್ಮದ್ ಎಂಬ ಹೆಸರು ಉರ್ದುವಿನಲ್ಲಿ ಮೀಮ್, ಹೇ, ಮೀಮ್, ದಾಲ್ ಎಂಬ ನಾಲ್ಕೇ ಅಕ್ಷರ. ಇಂಗ್ಲಿಷಿಗೆ ಹೋದ ಕೂಡಲೇ ಒಬ್ಬರು ಎಂ ಅಕ್ಷರವನ್ನು ನಡುವೆ ಒಮ್ಮೆ ಬರೆಯುತ್ತಾರೆ, ಇನ್ನೊಬ್ಬರು ಎರಡು ಸಲ. ಒಬ್ಬರಿಗೆ ಯು, ಒಬ್ಬರಿಗೆ ಓ. ಕೆಲವರು ಎಂ.ಡಿ. ಎಂದು ಚುಟುಕಾಗಿ ಮುಗಿಸುತ್ತಾರೆ. ಜಾಕಿರ್ ಎಂಬುದಕ್ಕೆ ಜೆಡ್ ಹಾಕುವವರೂ ಇದ್ದಾರೆ, ಜೆ ಹಾಕುವವರೂ ಇದ್ದಾರೆ. ಏಕೆಂದರೆ ಉರ್ದುವಿನ ಜೀಮ್, ಜಾಲ್, ಜೇ, ಜ್ವಾದ್, ಜೋಯ್ ಎಲ್ಲವನ್ನೂ ಕನ್ನಡದಲ್ಲಿ ನಾವು ಒಂದೇ 'ಜ'ದಲ್ಲಿ ಬರೆಯುತ್ತೇವೆ. ಹೆಣ್ಣುಮಕ್ಕಳ ಹೆಸರಿನ ಮುಂದಿನ ಬಾನು, ಬೇಗಂ, ಖಾನಂ ಒಂದು ಕಾಗದದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಬುದ್ಧಿವಂತ ಹುಡುಗಿಯೊಬ್ಬಳ ಒಂದು ವರ್ಷದ ಹಣ ಈ ಒಂದು ಅಕ್ಷರದಲ್ಲಿ ನಿಂತುಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಆ ಹಣ ಬಾರದಿದ್ದರೆ ಅವಳ ಕಾಲೇಜೂ ನಿಲ್ಲುತ್ತದೆ.

ಎರಡು ಹೆಸರುಗಳನ್ನು ಹೋಲಿಸಿ ನೋಡುವ ಈ ಹಂತ ಯಾವ ಆ್ಯಪ್‌ನಲ್ಲೂ ಸಿದ್ಧವಾಗಿ ಬರುವುದಿಲ್ಲ. ಬರೆಯಬೇಕು.

ಬರೆಯುವ ಕ್ರಮ ಹೀಗೆ. ಮೊದಲು ಮ್ಯಾನಿಫೆಸ್ಟ್ ಎಂಬ ಕಡತದಲ್ಲಿ ಹಂತದ ಹೆಸರು, ಒಳಗೆ ಏನು ಬರುತ್ತದೆ, ಹೊರಗೆ ಏನು ಹೋಗುತ್ತದೆ ಎಂದು ತಿಳಿಸಬೇಕು. ನಮ್ಮ ಹಂತಕ್ಕೆ ಬರುವುದು ಎರಡು ಹೆಸರು. ಹೋಗುವುದು ಮೂರರಲ್ಲಿ ಒಂದು ಉತ್ತರ: ಒಂದೇ ಇದೆ, ಕಾಗುಣಿತ ಬೇರೆ, ಹೆಸರೇ ಬೇರೆ. ಕಾಗುಣಿತ ಬೇರೆಯಾದರೆ ತಿದ್ದುಪಡಿಗೆ ಕಳಿಸಬೇಕು. ಹೆಸರೇ ಬೇರೆಯಾದರೆ ಅಣ್ಣನದೋ ತಂಗಿಯದೋ ಕಾಗದ ಸೇರಿಕೊಂಡಿರಬಹುದು. ನಂತರ ಸ್ಲ್ಯಾಕ್‌ನವರ ಬೋಲ್ಟ್ ಎಂಬ ಸಾಧನದಿಂದ ಜಾವಾಸ್ಕ್ರಿಪ್ಟ್ ಅಥವಾ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ. ಜೋಡಿ ಅಕ್ಷರ ಬಂದರೆ ಒಂದಾಗಿಸು, ಜೆಡ್ ಮತ್ತು ಜೆ ಒಂದೇ ಎಂದು ತಿಳಿ, ಎರಡು ಇ ಬಂದರೆ ಐ ಎಂದು ತಿಳಿ, ಆಮೇಲೆ ಹೋಲಿಸು. ಕೆಲಸ ಮುಗಿದಾಗ 'ಕಂಪ್ಲೀಟ್' ಎಂದು ಹೇಳಿ ಉತ್ತರ ಒಪ್ಪಿಸಬೇಕು, ನಡೆಯದಿದ್ದರೆ 'ಫೇಲ್' ಎನ್ನಬೇಕು. ಎರಡೂ ಹೇಳದಿದ್ದರೆ ವರ್ಕ್‌ಫ್ಲೋ ಅಲ್ಲೇ ಕಾಯುತ್ತಾ ಕೂರುತ್ತದೆ. ವಿದ್ಯಾರ್ಥಿಗಳು ಗಮನಿಸಿ: ಹೆಸರು ಹೊಂದದಿರುವುದು ಫೇಲ್ ಅಲ್ಲ, ಅದೂ ಒಂದು ಸರಿಯಾದ ಉತ್ತರವೇ. ಹೆಸರಿನ ಜಾಗವೇ ಖಾಲಿ ಬಂದರೆ ಅದು ಫೇಲ್.

ಇನ್ನೊಂದು ಸೂಕ್ಷ್ಮವಿದೆ. ಅಂತರ್ಜಾಲದ ವಿಳಾಸಕ್ಕೆ ಸ್ಲ್ಯಾಕ್ ಕರೆ ಕಳಿಸಿದಾಗ 3 ಸೆಕೆಂಡಿನೊಳಗೆ 'ತಲುಪಿತು' ಎನ್ನಬೇಕು. ಇಲ್ಲದಿದ್ದರೆ ಅದೇ ಕರೆಯನ್ನು ಮತ್ತೆ ಕಳಿಸುತ್ತದೆ, ಹೀಗೆ ಮೂರು ಸಲದವರೆಗೆ. ಎಚ್ಚರ ತಪ್ಪಿದರೆ ಒಬ್ಬಳೇ ವಿದ್ಯಾರ್ಥಿನಿಯ ಮನೆಗೆ 'ನಿಮ್ಮ ಮಗಳ ಅರ್ಜಿ ಸರಿಯಿಲ್ಲ' ಎಂಬ ಸಂದೇಶ ನಾಲ್ಕು ಸಲ ಹೋದೀತು. ಆ ತಂದೆಯ ಎದೆ ಏನಾಗಬೇಡ! ಆದ್ದರಿಂದ ಮೊದಲು ಹೂಂ ಎನ್ನಿ, ಆಮೇಲೆ ಕೆಲಸ ಮಾಡಿ. ಈಗಾಗಲೇ ಮಾಡಿದ ಅರ್ಜಿಯ ಸಂಖ್ಯೆಯನ್ನು ಗುರುತು ಹಾಕಿಟ್ಟುಕೊಳ್ಳಿ.

ಈಗ ಭಾಷೆಯ ಮಾತಿಗೆ ಬರುತ್ತೇನೆ. ನಾಸಿರ್ ಮತ್ತು ನಸೀರ್ ಎರಡು ಬೇರೆ ಬೇರೆ ಹೆಸರುಗಳು. ಮೊದಲನೆಯದರಲ್ಲಿ ನೂನ್ ಆದ ಮೇಲೆ ಅಲಿಫ್ ಇದೆ, ಎರಡನೆಯದರಲ್ಲಿ ರೇಗೆ ಮುಂಚೆ ಯೇ ಇದೆ. ಇಂಗ್ಲಿಷಿನಲ್ಲಿ ಎರಡನ್ನೂ ಒಂದೇ ರೀತಿ ಬರೆಯುವವರಿದ್ದಾರೆ. ಅಣ್ಣ ತಮ್ಮಂದಿರಿಗೆ ಇವೇ ಹೆಸರುಗಳಿದ್ದರೆ ನಮ್ಮ ಪ್ರೋಗ್ರಾಂ 'ಒಂದೇ ಇದೆ' ಎಂದು ಧೈರ್ಯವಾಗಿ ಹೇಳಿಬಿಡುತ್ತದೆ. ಹಾಗಾಗಿ ಹುಟ್ಟಿದ ದಿನಾಂಕವನ್ನೂ ಒಳಗೆ ಕೊಟ್ಟು ಅದನ್ನೂ ಹೋಲಿಸಬೇಕು, ಅನುಮಾನ ಬಂದದ್ದನ್ನು ಮನುಷ್ಯರ ಕಣ್ಣಿಗೆ ಬಿಡಬೇಕು. ದೂರದಲ್ಲಿ ಕುಳಿತ ಎಂಜಿನಿಯರ್ ಎಷ್ಟೇ ಜಾಣನಾದರೂ ಈ ಅಲಿಫ್ ಮತ್ತು ಯೇ ಅವನಿಗೆ ಹೊಳೆಯುವುದು ಕಷ್ಟ. ಸಂತೇಬೆನ್ನೂರಿನ ಉರ್ದು ಶಾಲೆಯಲ್ಲಿ ಓದಿ, ಕನ್ನಡದಲ್ಲಿ ಬರೆದು, ಇಂಗ್ಲಿಷಿನಲ್ಲಿ ಅರ್ಜಿ ತುಂಬಿದ ನಿಮಗೆ ಅದು ಗೊತ್ತು.

ಖರ್ಚಿನ ಮಾತನ್ನೂ ಹೇಳಬೇಕು. ವರ್ಕ್‌ಫ್ಲೋ ಬಿಲ್ಡರ್ ಹಣ ಕೊಡುವವರ ಯೋಜನೆಗಳಲ್ಲಿ ಮಾತ್ರ ಸಿಗುತ್ತದೆ. ಪ್ರೋಗ್ರಾಂ ಕಲಿಯುವವರಿಗೆ ಡೆವಲಪರ್ ಪ್ರೋಗ್ರಾಂನಲ್ಲಿ ಸ್ಯಾಂಡ್‌ಬಾಕ್ಸ್ ಎಂಬ ಅಭ್ಯಾಸದ ಅಂಗಳವಿದೆ. ಸ್ವಂತ ಹಂತ ಬರೆಯುವ ಹಳೆಯ ವಿಧಾನವೊಂದನ್ನು 2024ರ ಸೆಪ್ಟೆಂಬರ್‌ನಲ್ಲಿ ನಿಲ್ಲಿಸಿದ್ದಾರೆ, ಹಳೆಯ ಪಾಠ ನೋಡಿ ಬರೆದರೆ ನಡೆಯದು. ಮತ್ತೊಂದು ಮುಖ್ಯ ವಿಷಯ: ಆಧಾರ್ ಸಂಖ್ಯೆಯನ್ನು ಯಾವ ಕಾರಣಕ್ಕೂ ಚಾಟ್‌ನಲ್ಲಿ ಹಾಕಬೇಡಿ. ನಮ್ಮ ಹಂತಕ್ಕೆ ಬೇಕಿರುವುದು ಹೆಸರು ಮತ್ತು ದಿನಾಂಕ, ಸಂಖ್ಯೆ ಬೇಕಿಲ್ಲ. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ.

ಪ್ರೋಗ್ರಾಂ ಬರೆಯುವ ಮೊದಲು ಒಂದು ಪಟ್ಟಿ ಬೇಕು. ಅದಕ್ಕೆ ಕಂಪ್ಯೂಟರ್ ಬೇಡ, ನೋಟ್‌ಬುಕ್ ಸಾಕು. ಪಟ್ಟಿಯಲ್ಲಿ ಮೂರು ಕಲಂ: ಉರ್ದುವಿನಲ್ಲಿ ಹೆಸರು, ಕನ್ನಡದಲ್ಲಿ ಹೆಸರು, ಇಂಗ್ಲಿಷಿನಲ್ಲಿ ಕಂಡ ಎಲ್ಲ ಕಾಗುಣಿತಗಳು. ಯಾರ ಗುರುತೂ ಬೇಡ, ಬರೀ ಹೆಸರು. ಪ್ರತಿ ವಿದ್ಯಾರ್ಥಿ ತನ್ನ ಮನೆಯಿಂದ ಹತ್ತು ಹೆಸರು ತಂದರೆ ಪ್ರೋಗ್ರಾಂ ಪರೀಕ್ಷಿಸಲು ಬೇಕಾದಷ್ಟಾಯಿತು. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿರುವವರು ಸಭೆ ಮುಗಿದ ಮೇಲೆ ಇಲ್ಲೇ ಉಳಿಯಿರಿ, ನೋಟ್‌ಬುಕ್ ತಂದಿದ್ದೇನೆ.