ಬಾಂಗ್ಲಾದೇಶಕ್ಕೆ ಈರುಳ್ಳಿ ರಫ್ತು: ಲಾಭದ ಕಾಲವೇ ಎಚ್ಚರದ ಕಾಲ



ಹಡಗು ಹತ್ತದೆ, ಲಾರಿಯಲ್ಲೇ ಪರದೇಶಕ್ಕೆ ಹೋಗುವ ಬೆಳೆಗಳಲ್ಲಿ ಈರುಳ್ಳಿ ಮುಖ್ಯವಾದುದು. ಭಾರತದ ಈರುಳ್ಳಿಯನ್ನು ಹೆಚ್ಚಾಗಿ ಕೊಳ್ಳುತ್ತ ಬಂದಿರುವ ದೇಶಗಳಲ್ಲಿ ನೆರೆಯ ಬಾಂಗ್ಲಾದೇಶವೂ ಒಂದು. ಈ ವ್ಯಾಪಾರದಲ್ಲಿ ನಾಸಿಕ್ ಪ್ರದೇಶ ಮುಂದಿದೆ. ಚಿತ್ರದುರ್ಗ, ಗದಗ, ವಿಜಯಪುರದ ಬೆಳೆಗಾರರೂ ಇದರಲ್ಲಿ ಪಾಲು ಪಡೆಯಬಹುದು. ಆದರೆ ಅದಕ್ಕೆ ಮೊದಲು ಅಲ್ಲಿಯ ಪೇಟೆಯ ಸ್ವಭಾವವನ್ನು ಅರಿತಿರಬೇಕು.

ಬೇಡಿಕೆಯ ಕಾಲ

ಬಾಂಗ್ಲಾದೇಶದ ಪಾಬ್ನಾ, ಫರೀದ್‌ಪುರ ಜಿಲ್ಲೆಗಳಲ್ಲಿ ಈರುಳ್ಳಿ ಹೇರಳವಾಗಿ ಬೆಳೆಯುತ್ತದೆ. ಅಲ್ಲಿಯ ಮುಖ್ಯ ಬೆಳೆ ಮಾರ್ಚ್–ಏಪ್ರಿಲ್‌ನಲ್ಲಿ ಪೇಟೆಗೆ ಬರುತ್ತದೆ. ಆಗ ತನ್ನ ರೈತನ ಬೆಲೆ ಕುಸಿಯದಿರಲೆಂದು ಆ ಸರ್ಕಾರ ಆಮದನ್ನು ತಡೆಯುವುದುಂಟು. 2023ರ ಮಾರ್ಚ್‌ನಲ್ಲಿ ಹೀಗೆಯೇ ಆಮದು ನಿಂತು, ಜೂನ್‌ನಲ್ಲಿ ಮತ್ತೆ ತೆರೆಯಿತು. ಅಲ್ಲಿ ನಿಜವಾದ ಕೊರತೆ ಬೀಳುವುದು ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ. ಕರ್ನಾಟಕದ ಮುಂಗಾರು ಈರುಳ್ಳಿ ಕೀಳುವ ಕಾಲವೂ ಅದೇ.

ಇದು ಒಳ್ಳೆಯ ಹೊಂದಾಣಿಕೆಯಂತೆ ತೋರುತ್ತದೆ. ಆದರೆ ಇಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು ತೇವ. ಮಳೆಯಲ್ಲಿ ಕಿತ್ತ ಮುಂಗಾರು ಗಡ್ಡೆ ಹೆಚ್ಚು ದಿನ ತಾಳುವುದಿಲ್ಲ. ಚಿತ್ರದುರ್ಗದಿಂದ ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಗಡಿಗೆ ಸುಮಾರು 2000 ಕಿ.ಮೀ. ದಾರಿ. ತಾಡಪಾಲಿನ ಕೆಳಗೆ ಬೆವರಿದ ಒಂದು ಕೊಳೆತ ಗಡ್ಡೆ ಇಡೀ ಚೀಲವನ್ನೇ ಕೆಡಿಸುತ್ತದೆ.

ಎರಡನೆಯದು ಗಡಿಯ ಬಾಗಿಲು. ಅಲ್ಲಿ ಕೊರತೆಯಿರುವಾಗ ಅನೇಕ ಬಾರಿ ಇಲ್ಲಿಯೂ ಕೊರತೆಯಿರುತ್ತದೆ. 2019ರ ಸೆಪ್ಟೆಂಬರ್, 2020ರ ಸೆಪ್ಟೆಂಬರ್ ಮತ್ತು 2023ರ ಡಿಸೆಂಬರ್‌ನಲ್ಲಿ ಭಾರತ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿತು. 2020ರಲ್ಲಿ ಆಜ್ಞೆ ಹೊರಟಾಗ ತುಂಬಿದ ಲಾರಿಗಳು ಗಡಿಯಲ್ಲೇ ಸಾಲುಗಟ್ಟಿ ನಿಂತವು. ಕಾದಷ್ಟು ದಿನವೂ ಮಾಲು ಕೊಳೆಯಿತು. 2023ರ ಆಗಸ್ಟ್‌ನಲ್ಲಿ ಹಾಕಿದ ಶೇ. 40ರ ರಫ್ತು ಸುಂಕ 2024ರಲ್ಲಿ ಶೇ. 20ಕ್ಕೆ ಇಳಿದು, 2025ರ ಏಪ್ರಿಲ್ 1ರಂದು ಪೂರ್ತಿ ರದ್ದಾಯಿತು. ನಿಯಮ ಹೀಗೆ ಬದಲಾಗುವುದರಿಂದ, ಹೆಚ್ಚು ಬೆಲೆಯ ಆಸೆಗೆ ಇಡೀ ಬೆಳೆಯನ್ನು ಒಂದೇ ಬಾಗಿಲಿಗೆ ಒಯ್ಯುವುದು ಜಾಣತನವಲ್ಲ.

ಹೊಲದಲ್ಲಿ ಮಾಡಬೇಕಾದದ್ದು

ಕೊನೆಗಾಲದಲ್ಲಿ ಸಾರಜನಕ ಗೊಬ್ಬರ ಕೊಡಬಾರದು. ಕೀಳುವ 10–15 ದಿನ ಮೊದಲೇ ನೀರು ನಿಲ್ಲಿಸಬೇಕು. ಕಿತ್ತ ಗಡ್ಡೆಗಳನ್ನು ಎಲೆ ಮುಚ್ಚುವಂತೆ ಸಾಲಾಗಿ ಹರಡಿ 3–5 ದಿನ ಒಣಗಿಸಿ, ಸುಮಾರು 2 ಸೆಂ.ಮೀ. ಕುತ್ತಿಗೆ ಬಿಟ್ಟು ಕತ್ತರಿಸಿ, ಅನಂತರ ನೆರಳಿನಲ್ಲಿ 7–10 ದಿನ ಹದಗೊಳಿಸಬೇಕು. ಜೋಡುಗಡ್ಡೆ, ದಪ್ಪ ಕುತ್ತಿಗೆಯ ಗಡ್ಡೆ ಮತ್ತು ಪೆಟ್ಟು ಬಿದ್ದವನ್ನು ಬೇರ್ಪಡಿಸಿ ಹತ್ತಿರದ ಪೇಟೆಯಲ್ಲೇ ಮಾರುವುದು ಮೇಲು.

ಒಗ್ಗಟ್ಟಿನ ಲಾಭ

2020ರ ಜುಲೈನಲ್ಲಿ ಆಂಧ್ರದ ಗುಂಟೂರಿನ ಬಳಿಯ ರೆಡ್ಡಿಪಾಲೆಂನಿಂದ ಒಣಮೆಣಸಿನಕಾಯಿ ಹೊತ್ತ ಪಾರ್ಸೆಲ್ ರೈಲು ಬಾಂಗ್ಲಾದೇಶದ ಬೆನಾಪೋಲ್‌ಗೆ ಹೋಯಿತು. ಮಾಮೂಲಿ ಗೂಡ್ಸ್ ರೈಲಿಗೆ ಒಮ್ಮೆಗೆ 1500 ಟನ್ನಿಗೂ ಹೆಚ್ಚು ಮಾಲು ಬೇಕಿತ್ತು. ಪಾರ್ಸೆಲ್ ರೈಲಿನಲ್ಲಿ ಹೋದದ್ದು 384 ಟನ್. ಲಾರಿಯಲ್ಲಿ ಟನ್ನಿಗೆ ಸುಮಾರು 7000 ರೂ. ಆಗುತ್ತಿದ್ದ ಸಾಗಣೆ ವೆಚ್ಚ 4608 ರೂಪಾಯಿಗೆ ಇಳಿಯಿತು. ಇಷ್ಟು ಮಾಲನ್ನು ಒಬ್ಬ ರೈತ ಕೂಡಿಸಲಾರ. ರೈತರ ಸಂಘ ಕೂಡಿಸಬಲ್ಲದು.

ಕಾಗದ, ಹಣ

ರಫ್ತುದಾರ ಸಂಸ್ಥೆಗೆ ಆಮದು–ರಫ್ತು ಸಂಕೇತ ಸಂಖ್ಯೆ, ಅಪೆಡಾ ನೋಂದಣಿ ಮತ್ತು ಸಸ್ಯಾರೋಗ್ಯ ಪ್ರಮಾಣಪತ್ರ ಅಗತ್ಯ. ಅಲ್ಲಿಯ ಕೊಳ್ಳುವವರ ಬಳಿ ಆಮದು ಪರವಾನಗಿ ಇದೆಯೇ ಎಂದು ಮೊದಲೇ ಕೇಳಬೇಕು. ಬಾಯಿಮಾತಿನ ಮೇಲೆ ಮಾಲು ಕಳುಹಿಸಬಾರದು. ಕೊಳ್ಳುವವರ ಬ್ಯಾಂಕು ‘ಲೆಟರ್ ಆಫ್ ಕ್ರೆಡಿಟ್’ ತೆರೆದರೆ, ಕಾಗದಗಳು ಸರಿಯಿದ್ದಾಗ ಹಣ ಕೊಡುವ ಹೊಣೆ ಆ ಬ್ಯಾಂಕಿನದಾಗುತ್ತದೆ. 2022ರಲ್ಲಿ ಬಾಂಗ್ಲಾದೇಶದಲ್ಲಿ ಡಾಲರ್ ಅಭಾವವಾದಾಗ ಇವನ್ನು ತೆರೆಯುವುದೇ ಕಷ್ಟವಾಗಿತ್ತು. ಹಣ ಬಾರದ ನಷ್ಟಕ್ಕೆ ಕೇಂದ್ರ ಸರ್ಕಾರದ ಇ.ಸಿ.ಜಿ.ಸಿ. ಸಂಸ್ಥೆಯಲ್ಲಿ ವಿಮೆ ದೊರೆಯುತ್ತದೆ.

ಗಡಿಯಾಚೆಯ ಕೊಳ್ಳುವವರೂ ನಷ್ಟವನ್ನು ಮರೆಯುವುದಿಲ್ಲ. ಒಮ್ಮೆ ಕೆಟ್ಟ ಮಾಲು ಹೋದರೆ ಮುಂದಿನ ವರ್ಷ ಬೇರೆ ಊರಿನ ಚೀಲ ಹುಡುಕುತ್ತಾರೆ. ಆದ್ದರಿಂದ ಚೆನ್ನಾಗಿ ಒಣಗಿದ ಒಂದು ಪಾಲನ್ನು ಮಾತ್ರ ಹೊರದೇಶಕ್ಕೆ ಕಳುಹಿಸಿ, ಉಳಿದುದಕ್ಕೆ ಒಳನಾಡಿನ ಪೇಟೆಯನ್ನು ಕಾಯ್ದುಕೊಳ್ಳಬೇಕು. ಬಾಗಿಲು ಮುಚ್ಚಿದ ವರ್ಷ ರೈತನ ಮನೆ ಉಳಿಯುವುದು ಈ ಲೆಕ್ಕಾಚಾರದಿಂದಲೇ.