ನೀರಿನ ಲೆಕ್ಕ ನಮ್ಮ ಮಕ್ಕಳೂ ಕಲಿಯಲಿ
(ಖಾನಾಪುರದ ಸಭೆಯಲ್ಲಿ ಮಾಡಿದ ಭಾಷಣ)



ಹೋದ ವಾರ ಬೆಳಗಾವಿಯ ವಡಗಾವಿಯಲ್ಲಿ ಮಗ್ಗದ ಕೆಲಸಗಾರರೊಬ್ಬರು ನಮ್ಮನ್ನು ತಡೆದು ಕೇಳಿದರು: “ಗುರುಗಳ, ನಮ್ಮ ಹುಡುಗಿ ಸಿವಿಲ್ ಓದಿ ಮುಂದ ನೀರಿನ ವಿಷಯಾನ ಕಲೀತೀನಿ ಅಂತಾಳ. ನೀರಿನ್ಯಾಗ ಕಲಿಯೂದೇನೈತ್ರಿ? ನಳ ತಿರುವಿದ್ರ ಬರತೈತಿ, ಇಲ್ಲಾಂದ್ರ ಇಲ್ಲ.”

ನಾವು ಆಗ ನಕ್ಕೆವು. ಮನೆಗೆ ಬಂದ ಮೇಲೆ ಆ ನಗೆಗಾಗಿ ನಮಗೇ ನಾಚಿಕೆಯಾಯಿತು. ಹತ್ತು ವರ್ಷ ಮಾಸ್ತರಿಕೆ ಮಾಡಿದ ನಾವು, ಎರಡು ನಳಗಳಿಂದ ತೊಟ್ಟಿ ತುಂಬುವ ಲೆಕ್ಕ ಕಲಿಸಿದೆವೇ ಹೊರತು, ನಳಕ್ಕೆ ನೀರು ಬಿಡುವವರಾರು, ಯಾರ ಓಣಿಗೆ ಮೊದಲು ಬಿಡುತ್ತಾರೆ ಎಂಬುದನ್ನು ಎಂದೂ ಕಲಿಸಲಿಲ್ಲ.

ನಾವು ನಿಂತಿರುವ ಈ ಖಾನಾಪುರ ತಾಲೂಕನ್ನೇ ನೋಡಿರಿ. ಮಲಪ್ರಭೆ ಹುಟ್ಟುವುದು ಇಲ್ಲಿಯ ಕಣಕುಂಬಿಯಲ್ಲಿ. ಪೂರ್ವಕ್ಕೆ ಹರಿದು, ಸವದತ್ತಿಯ ಹತ್ತಿರ ನವಿಲುತೀರ್ಥದ ಅಣೆಕಟ್ಟಿನಲ್ಲಿ ನಿಂತು, ಕೂಡಲಸಂಗಮದಲ್ಲಿ ಅದು ಕೃಷ್ಣೆಯನ್ನು ಸೇರುತ್ತದೆ. ಅದೇ ಗುಡ್ಡಗಳ ಇನ್ನೊಂದು ಮಗ್ಗುಲಿಗೆ ಬಿದ್ದ ಮಳೆ ಕಳಸಾ, ಬಂಡೂರಿ ಹಳ್ಳಗಳಾಗಿ ಮಹಾದಾಯಿಗೆ ಇಳಿದು ಗೋವೆಯ ಸಮುದ್ರಕ್ಕೆ ಹೋಗುತ್ತದೆ. ಮಹಾದಾಯಿಯ ನೀರಿಗಾಗಿ 2010ರಲ್ಲಿ ನ್ಯಾಯಮಂಡಳಿ ನೇಮಕವಾಯಿತು. 2018ರ ಆಗಸ್ಟಿನಲ್ಲಿ ಅದು ಕರ್ನಾಟಕಕ್ಕೆ 13.42 ಟಿಎಂಸಿ ಎಂದು ತೀರ್ಪಿತ್ತಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಆದರೆ ಅದರಲ್ಲಿ 8.02 ಟಿಎಂಸಿ ವಿದ್ಯುತ್ತಿಗೆ. ಬಳಸಿ ಮತ್ತೆ ನದಿಗೇ ಬಿಡತಕ್ಕದ್ದು. ಮಲಪ್ರಭೆಗೆ ತಿರುಗಿಸಲು ಸಿಕ್ಕದ್ದು 3.9 ಮಾತ್ರ. ವೇದಿಕೆಯ ಮೇಲೆ ಕೂಗುವವರು 13 ಎನ್ನುತ್ತಾರೆ. ತೀರ್ಪು ಓದಬಲ್ಲವನಿಗೆ 3.9 ಕಾಣುತ್ತದೆ.

ಲೆಕ್ಕ ಒಬ್ಬರ ಕೈಯಲ್ಲಿ, ಕರ ಇನ್ನೊಬ್ಬರ ತಲೆಯ ಮೇಲೆ ಇದ್ದರೆ ಏನಾಗುತ್ತದೆ? 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತು. ಜಗಳ ಹತ್ತಿದ್ದು ಇದೇ ಮಲಪ್ರಭೆಯ ಕಾಲುವೆಯ ಅಭಿವೃದ್ಧಿ ಕರದ ಮೇಲೆ.

ಪೇಟೆಯ ಮಾತಿಗೆ ಬರೋಣ. ಬೆಳಗಾವಿ ಕುಡಿಯುವುದು ರಕ್ಕಸಕೊಪ್ಪದ ಕೆರೆಯ ಮತ್ತು ಹಿಡಕಲ್ ಅಣೆಕಟ್ಟಿನ ನೀರು. ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ 2008ರಿಂದ ಕೆಲವು ವಾರ್ಡುಗಳಿಗೆ ದಿನದ 24 ತಾಸೂ ನೀರು ಬಂತು, ಮೀಟರೂ ಬಂತು. ಉಳಿದ ವಾರ್ಡುಗಳವರು ಕೊಡ ಹಿಡಿದು ಕಾದರು. ಯಾವ ವಾರ್ಡು ಮೊದಲು ಎಂದು ಗೊತ್ತುಮಾಡುವವರಾರು? ಚಹದಂಗಡಿಗೂ ದೊಡ್ಡ ಹೋಟೆಲಿಗೂ ದರ ಒಂದೇ ಆಗಬೇಕೇ? ಇವು ಬರೀ ಪೈಪಿನ ಪ್ರಶ್ನೆಗಳಲ್ಲ, ನೀತಿಯ ಪ್ರಶ್ನೆಗಳು.

ಮಳೆ ಮತ್ತು ಹೊಳೆಯ ಹರಿವನ್ನು ಅಳೆಯುವುದು, ಅಂತರ್ಜಲ, 1956ರ ಅಂತರರಾಜ್ಯ ನದಿ ನೀರು ವಿವಾದ ಕಾಯಿದೆ, ದರ ಕಟ್ಟುವ ಬಗೆ, ಇವೆಲ್ಲ ಆ ಹುಡುಗಿ ಕಲಿಯಬಯಸುವ ವಿದ್ಯೆಗೆ ಸೇರಿದವು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲೇ ಇದೆ; ನೆಲ-ಜಲ ನಿರ್ವಹಣೆಯ ಸಂಸ್ಥೆ ವಾಲ್ಮಿ ಧಾರವಾಡದಲ್ಲಿದೆ. ವಿದ್ಯೆ ದೂರವಿಲ್ಲ, ಫೀ ದೂರ.

ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬೇಕು. ಕಣಕುಂಬಿಯ ಕಾಡಿನವರಿಗೆ ತಮ್ಮ ಒರತೆ ಬತ್ತೀತೆಂಬ ಭಯ. ಎರಡೂ ಬಡವರ ಮಾತೇ. ಅದನ್ನು ಕನ್ನಡ-ಮರಾಠಿ ಜಗಳ ಮಾಡಿದರೆ ಒಂದು ಕೊಡವೂ ತುಂಬದು. ಅಳತೆಯಿಂದ ತೀರಬೇಕಾದುದನ್ನು ಅಳತೆ ಬಲ್ಲವರು ತೀರಿಸಬೇಕು, ಮತ್ತು ಅವರು ನಮ್ಮ ನಡುವಿನವರಾಗಿರಬೇಕು. ಓದಿದ ನಮ್ಮ ಮಗನೂ ನಾಳೆ ಗುತ್ತಿಗೆದಾರನ ಜೀಪು ಹತ್ತಿಯಾನು. ಆ ಭಯ ನಮಗೂ ಇದೆ. ಆದುದರಿಂದ ಓದಿದವನೊಬ್ಬ ಸಾಲದು. ಲೆಕ್ಕ ಕೊಡಿರೆಂದು ಇಡೀ ಓಣಿ ಕೇಳಬೇಕು.

ವಡಗಾವಿಯ ಆ ಬಂಧುವಿಗೆ ಈಗ ಉತ್ತರ ಹೇಳುತ್ತೇವೆ: ಹುಡುಗಿಯನ್ನು ಓದಿಸಿರಿ. ಮೊದಲ ವರ್ಷದ ಫೀಗೆ ಇಂದೇ ಈ ಸಭೆಯಲ್ಲಿ ಪೆಟ್ಟಿಗೆ ತಿರುಗಿಸುತ್ತೇವೆ. ಆಕೆ ಕಲಿತು ಬಂದು ನಮ್ಮ ಓಣಿಯ ನೀರಿನ ಲೆಕ್ಕವನ್ನು ನಮಗೆ ಓದಿ ಹೇಳಲಿ. ನಾವು ಕೇಳುವ ಬಡ್ಡಿ ಅಷ್ಟೇ.