ಅಡುಗೆಗೊಂದು ಅಂದದ ಅಚ್ಚು

ಮುಂಬಯಿಯ ಕಾಂದಿವಲಿಯಲ್ಲಿರುವ ನಮ್ಮ ಕರಾವಳಿಯವರ ಮನೆಗಳಲ್ಲಿ ಪತ್ರೊಡೆಯ ಹದ ಇರುವುದು ಅಜ್ಜಿಯ ಕೈಯಲ್ಲಿ. ಹೆಚ್ಚೆಂದರೆ ಅರಶಿನದ ಕಲೆ ಹತ್ತಿದ ಹಳೆಯ ನೋಟುಬುಕ್ಕಿನಲ್ಲಿ. ಆದರೆ ಕವಿ ಮೂರನೆಯ ಮಂಗರಸ 16ನೇ ಶತಮಾನದಲ್ಲೇ ‘ಸೂಪಶಾಸ್ತ್ರ’ ಎಂಬ ಅಡುಗೆಯ ಗ್ರಂಥ ಬರೆದ. ಬದನೆ, ಹಲಸು, ಕಳಲೆ ಯಾವುದನ್ನೂ ಬಿಡಲಿಲ್ಲ. ಓಲೆಗರಿಯಿಂದ ಅಚ್ಚಿಗೆ ಬಂದದ್ದರಿಂದಲೇ ಅದು ಇಂದು ನಮ್ಮ ಕೈಗೆ ಸಿಗುತ್ತದೆ. ಇದೇ ಮುಂಬಯಿಯಲ್ಲಿ ಸಾರಸ್ವತ ಮಹಿಳಾ ಸಮಾಜ ತನ್ನವರ ಅಡುಗೆಯನ್ನು ಮರಾಠಿಯಲ್ಲಿ ‘ರಸಚಂದ್ರಿಕಾ’ ಎಂಬ ಪುಸ್ತಕವಾಗಿ ತಂದಿತು. ಎಷ್ಟು ದೊಡ್ಡ ಕೆಲಸ!

ಅಡುಗೆ ಪುಸ್ತಕಕ್ಕೆ ಅಂದದ ಅಚ್ಚು ಆಡಂಬರವಲ್ಲ. ಒಲೆಯ ಪಕ್ಕ ನಿಂತೇ ಓದುವಷ್ಟು ದೊಡ್ಡ ಅಕ್ಷರ, ಒದ್ದೆ ಕೈ ತಾಗಿದರೂ ಹರಿಯದ ಕಾಗದ, ಬಿಡಿಸಿಟ್ಟರೆ ತಾನಾಗಿ ಮುಚ್ಚಿಕೊಳ್ಳದ ದಾರದ ಹೊಲಿಗೆ ಬೇಕು. ಹಿರಿಯರು ಅಡುಗೆಯ ಹದ ಹೇಳುವಾಗಲೇ ಬರೆದುಕೊಳ್ಳಿ, ಅದರ ಊರಿನ ಹೆಸರು ಸೇರಿಸಿ, ಒಳ್ಳೆಯ ಮುದ್ರಕರ ಕೈಗೆ ಕೊಡಿ.